ಎಡಗೈಯ ಸದ್ದು

"ಅಮ್ಮಾ, ಅನುಸೂಯಮ್ಮಜ್ಜೀನ ಯಾರು ಹೊಡೀತಾರೆ?"

ಇಶಾ ಕೇಳಿದ್ದು ಇಂಗ್ಲಿಷಿನಲ್ಲಿ. ಈ ಡೈರಿಯಲ್ಲಿ ಬರೆಯುವಾಗ ಕನ್ನಡವಾಯಿತು. ಶುಕ್ರವಾರ ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತು ತನ್ನ ಕೈ ಮೇಲೆ ತೋರಿಸಿದಳು: ಇಲ್ಲಿ ನೀಲಿ, ಇಲ್ಲಿ ಹಸಿರು, ಮೊಣಕೈ ಹತ್ತಿರ ಹಳದಿ. ಆರು ವರ್ಷದವಳು ಒಂದನ್ನೂ ಬಿಟ್ಟಿರಲಿಲ್ಲ.

"ಯಾರೂ ಹೊಡೆಯಲ್ಲ ಪುಟ್ಟಾ. ಅಜ್ಜಿ ತಗೊಳ್ಳೋ ಮಾತ್ರೆಯಿಂದ ಹಾಗಾಗುತ್ತೆ."

"ಮತ್ತೆ ಯಾಕೆ ತಗೋತಾರೆ?"

ಅನುಸೂಯಮ್ಮ ಆಂಟಿ ಸ್ಕೋಕಿ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು. ಸುತ್ತಲಿನ ಕನ್ನಡ ಹೆಂಗಸರ ರವಿಕೆಗಳೆಲ್ಲ ಒಂದು ಕಾಲಕ್ಕೆ ಅವರ ಮಷಿನ್ನಿನಡಿ ಹಾದುಹೋಗಿವೆ. ನೇಪರ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಬಂದು ಅಳತೆ ಕೊಡುವವರಿದ್ದರು. ದಪ್ಪಗಾದವರಿಗೆ "ನೀನಲ್ಲ ಕಣೇ, ಬಟ್ಟೆ ಕುಗ್ಗಿದೆ" ಎನ್ನುತ್ತಾ ಎರಡು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದರಂತೆ. ಬಟ್ಟೆ ನಡೆಸುವುದು ಎಡಗೈ. ಹೊಲಿಯುವಷ್ಟು ಹೊತ್ತೂ ಆ ಕೈಯ ಗಾಜಿನ ಬಳೆಗಳು ಮಾತಾಡುತ್ತಿದ್ದವಂತೆ. ಆ ಸದ್ದು ನಾನು ಕೇಳಿದವಳಲ್ಲ. ನಾವು ಇಲ್ಲಿಗೆ ಬರುವ ಹೊತ್ತಿಗೆ ನಿಂತುಹೋಗಿತ್ತು.

ಮೂರು ವರ್ಷದ ಹಿಂದೆ, ತೋಳು ಕೂಡಿಸುತ್ತಿದ್ದಾಗ ಹೊಲಿಗೆ ಓರೆ ಹೋಯಿತು. ಬಟ್ಟೆಯದೇ ತಪ್ಪೆಂದು ಬೈದುಕೊಂಡು ಬಿಚ್ಚಲು ಹೋದರೆ, ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಸ್ಟ್ರೋಕ್. ಸೂಜಿ ಚುಚ್ಚಲು ಅಡ್ಡ ಬಂದವೆಂದು ಆಸ್ಪತ್ರೆಯಲ್ಲಿ ಬಳೆ ಒಡೆದು ತೆಗೆದರು. ಆ ಚೂರುಗಳು ಇವತ್ತಿಗೂ ಅವರ ಗುಂಡಿ ಡಬ್ಬಿಯಲ್ಲಿವೆ. ಕೈ ಆಡುವುದು ಮರಳಿ ಬಂತು, ಸ್ಪರ್ಶ ಬರಲಿಲ್ಲ. ಕಣ್ಣಿಟ್ಟು ನೋಡದಿದ್ದರೆ ಕೈ ಎಲ್ಲಿದೆಯೆಂದು ತಿಳಿಯದು. ಬಾಗಿಲಿಗೆ, ಮೇಜಿನಂಚಿಗೆ ತಾಗಿಸಿಕೊಳ್ಳುತ್ತಾರೆ. ಮತ್ತೊಂದು ಸ್ಟ್ರೋಕ್ ಬಾರದಿರಲೆಂದು ದಿನಕ್ಕೊಂದು ಗುಲಾಬಿ ಮಾತ್ರೆ, ಕ್ಲೋಪಿಡೋಗ್ರೆಲ್. ಅದು ರಕ್ತವನ್ನು ಸುಲಭವಾಗಿ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಸಣ್ಣ ಪೆಟ್ಟಿಗೂ ಚರ್ಮದಡಿ ನೀಲಿಗಟ್ಟುತ್ತದೆ.

ಹೋದ ಗೌರಿ ಹಬ್ಬಕ್ಕೆ ಸೋಪು ಹಚ್ಚಿ, ಕೈ ಅದುಮಿ, ಹಳೇ ಅಳತೆಯ ಬಳೆಗಳನ್ನೇ ಏರಿಸಿಕೊಂಡಿದ್ದರು. ಕೈಯೆಲ್ಲ ನೇರಳೆ ಹಣ್ಣಿನ ಬಣ್ಣ. ಬಂದವರು ಬಾಗಿನ ಬಿಟ್ಟು ಕೈಯನ್ನೇ ನೋಡಿದರು. ಮಾರನೆಯ ದಿನ ಬಳೆ ಇರಲಿಲ್ಲ.

ಈಗ ಮತ್ತೆ ಹಬ್ಬಕ್ಕೆ ಒಂದು ವಾರ. ಆಂಟಿಯ ಗಂಡ ರಾಘವೇಂದ್ರ ಅಂಕಲ್ ಡಿಯರ್‌ಬಾರ್ನ್‌ಗೆ ಮಗನ ಮನೆಗೆ ಹೋಗುವ ಮುಂಚೆ, ಹೆಂಡತಿಯ ಏಳು ದಿನದ ಮಾತ್ರೆ ಡಬ್ಬಿಯನ್ನು ನನಗೆ ಒಪ್ಪಿಸಿದ್ದರು. ಇವತ್ತು ಭಾನುವಾರ, ತುಂಬಲು ಹೋದೆ. ಬಿಪಿಯ ಬಿಳಿ ಮಾತ್ರೆಗಳು ಖಾಲಿ. ಬುಧವಾರದಿಂದೀಚಿನ ಗುಲಾಬಿ ಮಾತ್ರೆಗಳು ಹಾಗೇ ಇವೆ.

"ಆಂಟಿ, ಇದೇನಿದು?"

ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದವರು ತಿರುಗಲಿಲ್ಲ. "ನಿಲ್ಲಿಸಿದ್ರೆ ಹಬ್ಬದ ಹೊತ್ತಿಗೆ ಕೈ ತಿಳಿಯಾಗುತ್ತೆ ಕಣೇ. ಬಳೆ ತೊಟ್ಕೋಬಹುದು. ಆಮೇಲೆ ದಿನಾ ಎರಡೆರಡು ನುಂಗಿದ್ರಾಯ್ತು."

"ಬಿಟ್ಟ ಊಟವಾ ಆಂಟಿ, ರಾತ್ರಿ ಎರಡು ತುತ್ತು ಜಾಸ್ತಿ ತಿನ್ನೋಕೆ?"

"ನೀನೇನು ಡಾಕ್ಟರಾ?"

"ಅಲ್ಲ. ಅದಕ್ಕೇ ಫೋನ್ ಮಾಡ್ತೀನಿ."

ಕ್ಲಿನಿಕ್ಕಿನ ನರ್ಸ್ ಮೊದಲು ಕೇಳಿದ್ದು, ಮಾತು ತೊದಲಿದೆಯೇ, ಮುಖ ಸೊಟ್ಟಗಿದೆಯೇ, ಕೈಕಾಲು ಹೊಸದಾಗಿ ಸೋತಿದೆಯೇ ಎಂದು. ಯಾವುದೂ ಇಲ್ಲ. ಹಾಗಾದರೆ ಈಗಲೇ ಒಂದು ತೆಗೆದುಕೊಳ್ಳಲಿ, ಎರಡು ಖಂಡಿತ ಬೇಡ, ಡಾಕ್ಟರನ್ನು ಕೇಳದೆ ಇನ್ನೆಂದೂ ನಿಲ್ಲಿಸಬೇಡಿ, ನಾಳೆ ಡಾಕ್ಟರೇ ಮಾತಾಡುತ್ತಾರೆ ಎಂದಳು.

ಆಂಟಿ ಮಾತ್ರೆಯನ್ನು ಬಲಗೈಯಲ್ಲಿ ತೆಗೆದುಕೊಂಡರು.

"ಚೆನ್ನಾಗಿ ಕಾಣಲೀಂತಲ್ಲ ಕಣೇ. ಬಳೆ ಇದ್ದಾಗ ಕೈ ಎಲ್ಲಿದೇಂತ ಕೇಳಿಸ್ತಿತ್ತು. ಈಗ ಯಾರದೋ ಕೈ ತಂದು ನನ್ನ ಮಡಿಲಲ್ಲಿ ಇಟ್ಟ ಹಾಗಿದೆ. ಹೋದ ಹಬ್ಬದ ದಿನ ಎಲ್ಲರೂ ಹೋದ ಮೇಲೆ, ಕಣ್ಣು ಮುಚ್ಕೊಂಡು ಅಲ್ಲಾಡಿಸ್ತಾ ಕೂತಿದ್ದೆ. ನಂದೇ ಅನ್ನಿಸ್ತು."

ಮಾತ್ರೆ ನುಂಗಿದರು. ನಾನು ಅವರ ಎಡಗೈ ಹಿಡಿದುಕೊಂಡೆ. ಹಿಡಿದದ್ದು ಅವರಿಗೆ ತಿಳಿಯಲಿಲ್ಲ. ಕೆಳಗೆ ನೋಡಿದ ಮೇಲೆ ನಕ್ಕರು. ಅಲ್ಲೇ ಇದ್ದ ಟೇಪಿನಿಂದ ಬೆರಳಗೆಣ್ಣುಗಳ ಸುತ್ತ ಅಳತೆ ತೆಗೆದೆ.

"ಎರಡು ನಾಲ್ಕರ ಅಳತೆ ಬಿಟ್ಟುಬಿಡಿ ಆಂಟಿ. ದೊಡ್ಡದು, ಎರಡು ಎಂಟಾದ್ರೆ ಅದುಮದೇ ಹೋಗುತ್ತೆ."

"ಸಡಿಲ ಬಳೆ ತೊಟ್ರೆ ನಮ್ಮಮ್ಮ ಬೈತಿದ್ರು."

"ನಿಮ್ಮಮ್ಮ ಕ್ಲೋಪಿಡೋಗ್ರೆಲ್ ತಗೋತಿರಲಿಲ್ಲ. ಮತ್ತೆ, ಗಾಜು ಬೇಡ. ಬಾಗಿಲಿಗೆ ತಾಗಿ ಒಡೆದು ಕೊಯ್ದ್ರೆ ನಿಮಗೆ ಗೊತ್ತೂ ಆಗಲ್ಲ, ರಕ್ತ ಬೇಗ ನಿಲ್ಲೋದೂ ಇಲ್ಲ. ಮೆಟಲ್ಲಿಂದು ತರ್ತೀನಿ."

"ಗಾಜಲ್ಲದ್ದೂ ಒಂದು ಬಳೆನಾ?" ಎಂದವರು ಕಿಟಕಿಯ ಕಡೆ ನೋಡಿದರು. ನಾನು ಡಬ್ಬಿ ತುಂಬಿ ಮುಗಿಸಿ ಮುಚ್ಚಳ ಹಾಕಿದಾಗ ಮತ್ತೆ ಅವರ ದನಿ ಕೇಳಿತು.

"ಹಾಗಾದ್ರೆ ನಂಗೊಂದು ಉಪಕಾರ ಮಾಡು. ಡೆವನ್ ಬೀದಿಯ ಬಳೆ ಅಂಗಡಿಗೆ ಹೋದಾಗ ಬಣ್ಣ ನೋಡ್ಬೇಡ. ನಿನ್ನ ಕೈಗೆ ಹಾಕ್ಕೊಂಡು, ಕಣ್ಣು ಮುಚ್ಕೊಂಡು ಒಂದ್ಸಲ ಅಲ್ಲಾಡಿಸು. ಗಾಜಿನ ಹಾಗೆ ಕೇಳಿಸೋದು ಸಿಕ್ಕಿದ್ರೆ ಅದನ್ನೇ ತಾ."