ಕಾಫಿ ಹೊಟ್ಟಿನ ಕೋಟೆ

ಮಳೆಗೆ ನೆನೆದ ಕಾಫಿ ಹೊಟ್ಟಿಗೆ ಹಳೆಯ ಗೋಣಿಚೀಲವೂ ಹುಳಿತ ಬೆಲ್ಲವೂ ಬೆರೆತಂಥ ವಾಸನೆಯಿದೆ. ಈಗಲೂ ಎಲ್ಲಾದರೂ ಅದು ಮೂಗಿಗೆ ಬಡಿದರೆ ನಿಂತುಬಿಡುತ್ತೇನೆ. ಹೆತ್ತೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಾಫಿ ಸಿಪ್ಪೆ ಬಿಡಿಸುವ ಸ್ಟೋರಿನ ಹೊಟ್ಟನ್ನೆಲ್ಲ ಗೊಬ್ಬರಕ್ಕೆಂದು ನಮ್ಮ ಕ್ವಾರ್ಟರ್ಸಿನ ಹಿತ್ತಲಿಗೇ ತಂದು ಸುರಿಯುತ್ತಿದ್ದರು. ಬೇಸಿಗೆಯ ಹೊತ್ತಿಗೆ ರಾಶಿ ಸೂರಿನೆತ್ತರ ಆಗುತ್ತಿತ್ತು. ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಣಗಿ, ಅದರ ಮೇಲೆ ರೊಟ್ಟಿಯಂಥ ಹೆಪ್ಪು ಕಟ್ಟಿತ್ತು. ಒಳಗೆ ಮಾತ್ರ ಹೊಟ್ಟು ಸಡಿಲವಾಗಿ, ಬೆಚ್ಚಗಿತ್ತು. ತಂಗಿ ಸವಿತಾಗೆ ಆಗ ಏಳು ವರ್ಷ, ನನಗೆ ಹತ್ತು. ಯಾವುದೋ ಪುಸ್ತಕದ ಚಿತ್ರದಲ್ಲಿ ಮಕ್ಕಳು ಮನೆಯ ಹಿಂದೆ ಹಿಮದ ಕೋಟೆ ಕಟ್ಟುವುದನ್ನು ಅವಳು ನೋಡಿದ್ದಳು. "ನಮಗೆ ಹಿಮ ಎಲ್ಲೈತಣ್ಣ? ಹೊಟ್ಟಲ್ಲೇ ಕಟ್ಟಾಣ" ಎಂದಳು. ಎರಡು ದಿನ ತೆಂಗಿನ ಕರಟದಲ್ಲಿ ಕೆರೆದು ಕೆರೆದು ಒಬ್ಬರು ಕೂರುವಷ್ಟು ಗವಿ ಮಾಡಿದೆವು.

ಮೂರನೆಯ ದಿನ ಅವಳು ರಾಣಿ, ನಾನು ದಂಡೆತ್ತಿ ಬಂದ ಶತ್ರು. "ಬಾರೋ ನೋಡಾಣ, ಹೆದರುಪುಕ್ಲ!" ಎಂದು ಒಳಗಿನಿಂದ ರೇಗಿಸಿದಳು. ನಾನು ಹಿಂದಿನಿಂದ ರಾಶಿ ಹತ್ತಿ ಕೋಟೆಯ ಮೇಲೆ ಜಿಗಿದೆ. ಹೆಪ್ಪು ಮುರಿಯಿತು. ಮೊಣಕಾಲವರೆಗೆ ಹೂತವನು ಹೇಗೋ ಉರುಳಿ ಕೆಳಗೆ ಬಂದು ನೋಡಿದರೆ, ಗವಿಯ ಬಾಗಿಲಿದ್ದ ಕಡೆ ಹೊಟ್ಟು ಸದ್ದಿಲ್ಲದೆ ಇಳಿಯುತ್ತಿತ್ತು. ನನ್ನ ಕಿರುಚಾಟಕ್ಕೆ ಅಪ್ಪ ಗುದ್ದಲಿ ಹಿಡಿದು ಓಡಿಬಂದು, ಮೇಲಿನಿಂದ ತೋಡಲು ರಾಶಿ ಹತ್ತಹೋದರು. ಕಣದಲ್ಲಿ ಕಾಫಿ ಒಣಹಾಕುತ್ತಿದ್ದ, ಕೂಲಿಯವರ ಸಾಲುಮನೆ ಲೈನಿನ ದ್ಯಾವಮ್ಮ ಅವರ ಹಿಂದೆಯೇ ಬಂದಿದ್ದಳು. ಅಪ್ಪನ ಎದುರು ಎಂದೂ ದನಿಯೆತ್ತದವಳು ಅವರ ಅಂಗಿ ಹಿಡಿದು ಎಳೆದೇಬಿಟ್ಟಳು. "ಹತ್ಬ್ಯಾಡಿ ಅಯ್ಯಾ! ಕೆಳಗೆ ಕೂಸೈತೆ. ಗುದ್ಲಿ ಬಿಸಾಕಿ, ಆ ಕೋಳಿಗೂಡಿನ ಬಾಗ್ಲು ಕಿತ್ಕೊಂಡ್ ಬನ್ನಿ!" ಮೇಲಿನ ಹೊಟ್ಟು ಜಾರದಂತೆ ಅಪ್ಪ ಆ ಬಾಗಿಲನ್ನು ಅಡ್ಡ ಒತ್ತಿ ಹಿಡಿದರು. ಅದರ ಬುಡದಲ್ಲಿ ದ್ಯಾವಮ್ಮ ಮೊರದಿಂದ ಬಾಚಿ ಬಾಚಿ ಎಸೆದಳು. ವರ್ಷಗಟ್ಟಲೆ ಕಾಫಿ ರಾಶಿ ಎಳೆದ ಕೈ. ಎಲ್ಲಿ ಮುಟ್ಟಿದರೆ ಎಲ್ಲಿ ಜಾರುತ್ತದೆಂದು ಅದಕ್ಕೆ ಗೊತ್ತಿತ್ತು. ಮೊದಲು ಜಡೆ ಕಂಡಿತು. ಮೊರ ಬಿಟ್ಟು ಬೆರಳಲ್ಲೇ ಬಗೆದಳು. ಹೊರಗೆಳೆದಾಗ ಸವಿತಾಳ ತುಟಿ ನೀಲಿಯಾಗಿತ್ತು. ಬಾಯೊಳಗಿನ ಹೊಟ್ಟು ತೆಗೆದು, ಮಡಿಲಲ್ಲಿ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದಳು. "ಕೆಮ್ಮೇ ನನ್ನವ್ವ, ಕೆಮ್ಮೇ." ಆ ಗುದ್ದುಗಳು ಇವತ್ತಿಗೂ ನನ್ನ ಕಿವಿಯಲ್ಲಿವೆ. ಕೊನೆಗೆ ಸವಿತಾ ಕೆಮ್ಮಿದಳು.

"ಮೇಲೆ ಹತ್ತಿದ್ದು ಯಾರೋ?" ಅಪ್ಪ ನನ್ನ ಕಡೆ ತಿರುಗಿದರು. ಮೊಣಕಾಲಿಗೆಲ್ಲ ಹೊಟ್ಟು ಅಂಟಿಸಿಕೊಂಡು ನಿಂತಿದ್ದೆ. ದ್ಯಾವಮ್ಮ ನೋಡಿದಳು. "ಯಾರೂ ಹತ್ತಿಲ್ಲ ಅಯ್ಯಾ. ಮಳೆ ಹೆಪ್ಪು, ತಾನೇ ಕುಸ್ದುಬುಟ್ಟೈತೆ" ಎಂದು, ಸೆರಗಿನಿಂದ ನನ್ನ ಕಾಲು ಒರೆಸಿದಳು.

ಎಸ್ಟೇಟು ಕೈಬದಲಾಯಿತು. ಕ್ವಾರ್ಟರ್ಸೂ ಇಲ್ಲ, ಲೈನೂ ಇಲ್ಲ. ಕಾಲೇಜು ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ ಧೈರ್ಯ ಮಾಡಿ ಸವಿತಾಗೆ ಹೇಳಿದೆ, ಅವತ್ತು ಹತ್ತಿದ್ದು ನಾನೇ ಎಂದು. ಅವಳು ನಕ್ಕಳು. "ಗೊತ್ತು ಕಣೋ. ತಲೆ ಮೇಲೆ ನಿನ್ನ ಕಾಲ್ ಸದ್ದು ಕೇಳಿಸ್ತಲ್ಲ. 'ನಿಮ್ಮಣ್ಣ ಆಗ್ಲೇ ಸತ್ತು ಬದುಕವ್ನೆ, ಯಾರ್ಗೂ ಹೇಳ್ಬ್ಯಾಡ' ಅಂದಿದ್ಲು ದ್ಯಾವಮ್ಮ." ಅಷ್ಟು ಹೊತ್ತಿಗೆ ದ್ಯಾವಮ್ಮ ತೀರಿಕೊಂಡು ಮೂರು ಮಳೆಗಾಲ ಕಳೆದಿದ್ದವು.