ಹೊನ್ನೆಮರದ ನೆರಳಿನ ಅಂತರಗಂಗೆ

ಬ್ರಹ್ಮಾವರದ ನನ್ನ ಮನೆಯ ಹಿತ್ತಿಲಲ್ಲಿ, ಸಿಮೆಂಟು ತೊಟ್ಟಿಯ ನೀರ ಮೇಲೆ ತೇಲುವ ಅಂತರಗಂಗೆ ಗಿಡ ಬೆಳೆದಿದೆ. ಹೆಚ್ಚಾದದ್ದನ್ನು ಎಳೆಯಲೆಂದು ಈ ಬೆಳಿಗ್ಗೆ ಕೈ ಹಾಕಿದೆ. ಗಡ್ಡದಂಥ ಬೇರಿನಿಂದ ನೀರು ತೊಟ್ಟಿಕ್ಕಿ, ಕೆಸರು, ಮೀನು, ಕೊಳೆತ ಎಲೆ ಮೂರೂ ಕಲೆಸಿದ ವಾಸನೆ ಎದ್ದಿತು. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯಾಕೆ ಮುಖ ಸಿಂಡರಿಸಿ, "ಇದನ್ನ್ ಎಂತಕ್ ಇಟ್ಕಂಡಿದ್ರಿ? ಸೊಳ್ಳಿ ಆತ್ತ್, ಎಲ್ಲ ಎಳ್ದ್ ಬಿಸಾಡಿ" ಅಂದಳು. ಸಿಂಡರಿಸಲಿ. ಅದು ನನ್ನ ಬಾಲ್ಯದ ವಾಸನೆ, ನಾಚಿಕೊಳ್ಳಲು ನನಗೇನೂ ಕಾರಣ ಕಾಣುವುದಿಲ್ಲ.

ಕೆರಾಡಿಯ ನಮ್ಮ ಮನೆ ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ನಾನು ಶಾಲೆಗೆ ಹೋಗುತ್ತಿದ್ದ ತೊಂಬತ್ತರ ದಶಕದ ಕೊನೆಯಲ್ಲಿ ಅದರ ಯಜಮಾನಿಕೆ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನದು. ಮನೆಯೆದುರಿನ ಕೆರೆಯಲ್ಲಿ ಅಂತರಗಂಗೆ ಪುಟ್ಟ ಪುಟ್ಟ ಕೋಸು ಹರವಿದಂತೆ ತೇಲುತ್ತಿತ್ತು. ಹನಿ ಅದರ ಎಲೆಯನ್ನು ಒದ್ದೆ ಮಾಡದೆ ಉರುಳುವುದನ್ನು ನೋಡುತ್ತಾ ನಾನು ಬಸ್ಸು ತಪ್ಪಿಸಿಕೊಂಡದ್ದುಂಟು. ಹುಂಡುಕೋಳಿ ಎಂಬ ನೀರುಹಕ್ಕಿ ಅದರ ಮೇಲೆ ಓಡಾಡುತ್ತಿತ್ತು, ಕಪ್ಪೆ ಅಲ್ಲೇ ಕೂತು ವಟಗುಟ್ಟುತ್ತಿತ್ತು, ಬೇರು ಸರಿಸಿದರೆ ಮೀನುಮರಿಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಸುಗ್ಗಿ ಬೆಳೆಗೆ ಮುಂಚೆ ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿ ಅದನ್ನು ದಡಕ್ಕೆಳೆದು ತೆಂಗಿನ ಬುಡಕ್ಕೆ ಹಾಕುವುದು ರೂಢಿ. ಹಾಗೇ ಬಿಟ್ಟರೆ ಕೆರೆಯ ಉಸಿರು ಕಟ್ಟುತ್ತದೆ. ಆದರೆ ದಡದ ಹೊನ್ನೆಮರದ ನೆರಳು ಬಿದ್ದಷ್ಟು ಜಾಗಕ್ಕೆ ಗಳ ಹೋಗಕೂಡದು. "ಅದ್ರ್ ಅಡಿಯಂಗೆ ಸಂಸಾರ ಇತ್ತ್, ಮುಟ್ಬೇಡಿ" ಎಂದು ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತೇ ಗದರುತ್ತಿದ್ದಳು. ಅದರಡಿ ಮೀನು, ಕಪ್ಪೆಗಳ ಸಂಸಾರ ಇದೆ ಎಂಬುದು ಅವಳ ಲೆಕ್ಕ.

ಮುಂಬೈಯಲ್ಲಿ ಹೋಟೆಲಿಟ್ಟಿದ್ದ ಅವಳ ತಮ್ಮ, ನಮ್ಮ ಮಾವ, ಮಗಳ ಮದುವೆಯನ್ನು ಊರಿನಲ್ಲೇ ಮಾಡಿದ. ಗಂಡಿನ ಕಡೆಯವರು ಬರುವ ಮೊದಲು ಕೆರೆ ಚಂದ ಕಾಣಲೆಂದು, ದೊಡ್ಡಮ್ಮ ಬೈಂದೂರಿಗೆ ಜವಳಿ ತರಲು ಹೋದ ದಿನ, ನೆರಳಿನದನ್ನೂ ಸೇರಿಸಿ ಪೂರ್ತಿ ಎಳೆಸಿಬಿಟ್ಟ. ಮದುವೆಗೆ ಬಂದವರೆಲ್ಲ ನೀರನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ನೀರುಕಾಗೆಗಳು ಬಂದವು. ಅಡಗಲು ಜಾಗವಿಲ್ಲದ ಮರಿಗಳನ್ನು ಹೆಕ್ಕಿ ತಿಂದವು. ಹುಂಡುಕೋಳಿ ಎಲ್ಲಿಗೋ ಹೋಯಿತು. ಬೇಸಿಗೆಯ ಬಿಸಿಲು ನೇರ ಬಿದ್ದು ನೀರು ಹಸಿರು ಗಂಜಿಯಂತಾಗಿ ನಾರಿತು. ಆಗ ಮತ್ತೆ ಊರಿಗೆ ಬಂದ ಮಾವನೇ ಮೂಗು ಮುಚ್ಚಿಕೊಂಡು, "ಹ್ವಾಯ್ ಅಕ್ಕಾ, ಇದ್ ಇನ್ನ್ ಎಂತಕ್? ಮಣ್ಣ್ ತುಂಬ್ಸಿ ಬಿಡುವ" ಅಂದ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಇಪ್ಪಷ್ಟ್ ದಿನ ಆ ಮಾತ್ ಬೇಡ. ತುಂಬ್ಸುದಾರೆ ನನ್ನನ್ನೂ ಅದ್ರಂಗೇ ಹಾಕಿ ತುಂಬ್ಸ್." ಮಾವ ಮರುದಿನವೇ ಬಸ್ಸು ಹತ್ತಿದ.

ಅವಳು ನನ್ನನ್ನು ಕರೆದುಕೊಂಡು ಆಚೆಮನೆಯವರ ಕೆರೆಗೆ ಹೋಗಿ, ಕೊಡಪಾನದಲ್ಲಿ ಒಂದು ಹಿಡಿ ಅಂತರಗಂಗೆ ತಂದು ಹೊನ್ನೆಮರದಡಿ ಬಿಟ್ಟಳು. ಒಂದು ಗಿಡ ಬಳ್ಳಿ ಚಾಚಿ ಮರಿ ಹಾಕಿತು, ಆ ಮರಿ ಇನ್ನೊಂದನ್ನು. ಮಳೆ ಹಿಡಿದಾಗ ಗದ್ದೆಯ ತೋಡಿನಿಂದ ಹೊಸ ನೀರಿಗೆ ಮೀನು ಹತ್ತಿ ಬಂತು. ಹುಂಡುಕೋಳಿ ಮತ್ತೆ ಕೂಗಿದ ಬೆಳಿಗ್ಗೆ ದೊಡ್ಡಮ್ಮ ಕಾವಲಿಯ ಮೇಲಿನ ದೋಸೆ ಮರೆತು ಅಂಗಳಕ್ಕೆ ಓಡಿದಳು. ಕರಟಿದ ದೋಸೆಯನ್ನು ನಾವೆಲ್ಲ ನಗುತ್ತಾ ತಿಂದೆವು.

ಅವಳು ಇದ್ದಷ್ಟು ದಿನ ಕೆರೆಯೂ ಇತ್ತು. ಅವಳು ತೀರಿಕೊಂಡ ಮೇಲೆ ಮನೆ ಪಾಲಾಯಿತು. ಕೆರೆ ಮುಚ್ಚಬೇಡಿ ಎಂದು ನಾನು ಜಗಳವಾಡಿದೆ, ಸೋತೆ. ಈಗ ಅಲ್ಲಿ ಮನೆಯೂ ಇಲ್ಲ, ಹೊನ್ನೆಮರವೂ ಇಲ್ಲ, ಕೆಮ್ಮಣ್ಣಿನ ಮೇಲೆ ಕಾರುಗಳು ನಿಲ್ಲುತ್ತವೆ. ಆದರೆ ಟಿಪ್ಪರ್ ಬರುವ ಹಿಂದಿನ ದಿನ ಅದೇ ಕೊಡಪಾನದಲ್ಲಿ ನಾನೂ ಒಂದು ಹಿಡಿ ಎತ್ತಿಕೊಂಡು ಬಂದಿದ್ದೆ. ಅಷ್ಟನ್ನು ಮುಚ್ಚಲು ಯಾರಿಂದಲೂ ಆಗಲಿಲ್ಲ.

ಸೊಳ್ಳೆಯ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೆಂದೇ ಮೀನು ಬಿಟ್ಟಿದ್ದೇನೆ, ಆಗಾಗ ಎಳೆಯುತ್ತೇನೆ. ಆದರೆ ಪೇರಳೆ ಗಿಡದ ನೆರಳು ಬಿದ್ದಲ್ಲಿಗೆ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಇವತ್ತೂ ನಿಂತಿತು. ಪಕ್ಕದ ಮನೆಯಾಕೆ ಉತ್ತರಕ್ಕೆ ಕಾದಿದ್ದಳು.

"ಅದ್ರ್ ಅಡಿಯಂಗೆ ಸಂಸಾರ ಇತ್ತ್" ಅಂದೆ.

ಆಕೆ ಬೇಲಿಯ ಮೇಲಿಂದ ಬಗ್ಗಿ ನೋಡಿದಳು. ಮೀನುಮರಿಯೊಂದು ಸರಕ್ಕನೆ ಬೇರಿನೊಳಗೆ ಸರಿಯಿತು. ಯಾರ ಸಂಸಾರ ಎಂದು ಆಕೆ ಕೇಳಿದ್ದರೆ ದೊಡ್ಡಮ್ಮನ ಹೆಸರು ಹೇಳುತ್ತಿದ್ದೆ. ಕೇಳಲಿಲ್ಲ. ಎಳೆದದ್ದನ್ನು ಬುಟ್ಟಿಗೆ ತುಂಬಿ ನಾನು ತೆಂಗಿನ ಬುಡಕ್ಕೆ ನಡೆದೆ.