ಸಿಹಿಬಾವಿಗಾಗಿ ನಾನು ಸುಮ್ಮನೆ ಕುಳಿತ ದಿನ

ನಮ್ಮೂರಿನ ಬಡಗಣ ದಿಬ್ಬದಲ್ಲಿ ಸುಣ್ಣದಕಲ್ಲಿನ ಗಣಿ ತೆರೆಯಲು ಒಂದು ಕಂಪನಿ ಅರ್ಜಿ ಹಾಕಿದೆ, ಅದರ ಪರಿಸರ ವರದಿಯ ಕನ್ನಡ ಸಾರಾಂಶ ಪಂಚಾಯಿತಿ ಕಚೇರಿಯಲ್ಲಿದೆ, ಯಾರು ಬೇಕಾದರೂ ಓದಬಹುದು ಎಂದು ನೋಟಿಸು ಅಂಟಿಸಿದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನು ಕಚೇರಿಯ ಬಾಗಿಲಲ್ಲಿದ್ದೆ. ಬಾಗಿಲು ತೆರೆದದ್ದು ಹತ್ತೂ ಇಪ್ಪತ್ತಕ್ಕೆ. ಅಫಜಲಪುರ ಮತ್ತು ಆಳಂದದ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಜೇವರ್ಗಿ ತಾಲ್ಲೂಕಿನ ಈ ತವರೂರಿಗೆ ಮರಳಿದವಳು ನಾನು. ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುವ ಗಡಿಯಾರವನ್ನು ಈಗಲೂ ಬಿಟ್ಟಿಲ್ಲ. ಇಪ್ಪತ್ತು ನಿಮಿಷ ತಡ ಎಂದು ಗುಮಾಸ್ತನಿಗೆ ತೋರಿಸಿಯೇ ಒಳಗೆ ಹೋದೆ.

ದಿನಕ್ಕೆ ಒಂದು ಗಂಟೆಯಂತೆ ಮೂರು ದಿನ ಓದಿದೆ. ಧೂಳಿನ ಬಗ್ಗೆ, ಬಂಡೆ ಸಿಡಿಸುವ ಹೊತ್ತಿನ ಬಗ್ಗೆ, ಲಾರಿ ಓಡಾಡುವ ದಾರಿಯ ಬಗ್ಗೆ ಎಲ್ಲ ಇತ್ತು. ಮೂರನೆಯ ದಿನ ಹಿಂದಿನ ಪುಟದ ನಕ್ಷೆ ಬಿಚ್ಚಿದೆ. ಗಣಿಯ ಗೆರೆ ದಿಬ್ಬದಿಂದ ಇಳಿದು ದೊಡ್ಡ ಬೇವಿನ ಮರದ ಮಗ್ಗುಲಲ್ಲೇ ಹಾದುಹೋಗಿತ್ತು. ಮರ ಇತ್ತು. ಬಾವಿ ಇರಲಿಲ್ಲ.

ನಮ್ಮಲ್ಲಿ ಬೋರಿನ ನೀರು ಸವಳು. ಅದರಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಚಹಾ ಒಡೆದುಹೋಗುತ್ತದೆ. ಊರಿಗೆಲ್ಲ ಸಿಹಿನೀರು ಸಿಗುವುದು ಆ ಬೇವಿನ ಕೆಳಗಿನ ಬಾವಿಯಲ್ಲಿ ಮಾತ್ರ. ಮಗ್ಗುಲಲ್ಲೇ ಬಾವಿಗಿಂತ ಆಳವಾದ ಗುಂಡಿ ತೋಡಿದರೆ ಬಾವಿಯ ನೀರು ಎಲ್ಲಿಗೆ ಇಳಿಯುತ್ತದೆ ಎಂದು ತಿಳಿಯಲು ಭೂಗರ್ಭಶಾಸ್ತ್ರ ಓದಬೇಕಿಲ್ಲ. ನಕ್ಷೆಯಲ್ಲಿ ಇಲ್ಲದ ಬಾವಿಯನ್ನು ಉಳಿಸಬೇಕೆಂದು ಯಾವ ಅಧಿಕಾರಿಯೂ ಷರತ್ತು ಹಾಕಲಾರ. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ರೋಗ ಪತ್ತೆಯಾದಾಗ ವಾರ್ಡಿನಲ್ಲಿ ಬರುತ್ತಿದ್ದ ಹಳೆಯ ಹುರುಪು ಬಂತು. ಸೀದಾ ಪಕ್ಕದ ಮನೆಗೆ ನಡೆದೆ.

ಪಕ್ಕದ ಮನೆಯಾಕೆ ಖಡಕ್ ರೊಟ್ಟಿ ಮಾಡುವ ಮಹಿಳಾ ಸಂಘದ ಮುಂದಾಳು. ಆಕೆಯೂ ಸೇರಿ ಹದಿನಾಲ್ಕು ಹೆಂಗಸರು ಆಕೆಯ ತಗಡಿನ ಶೆಡ್ಡಿನಲ್ಲಿ ದಿನವೂ ರೊಟ್ಟಿ ಬಡಿಯುತ್ತಾರೆ. ಆ ರೊಟ್ಟಿ ಬಸ್ಸು ಹತ್ತಿ ಅಫಜಲಪುರ, ಕಲಬುರಗಿಯ ಅಂಗಡಿಗಳಿಗೆ ಹೋಗುತ್ತದೆ. ಹಿಟ್ಟಿಗೆ ಬೀಳುವುದು ಸಿಹಿಬಾವಿಯ ನೀರು.

ವಿಷಯ ಕೇಳಿ ಆಕೆ ಹಂಚಿನ ಮೇಲಿನ ರೊಟ್ಟಿ ಮರೆತಳು. "ಸವಳ ನೀರಾಗ ನಾದಿದ್ರ ನಮ್ಮ ರೊಟ್ಟಿ ಎಮ್ಮಿನೂ ಮೂಸಂಗಿಲ್ರಿ. ಈಗೇನು ಮಾಡೂದು?"

"ಮೊದಲು ಆ ರೊಟ್ಟಿ ತೆಗಿ, ಸುಡಾಕತ್ತದ," ಎಂದೆ.

ಆ ವಾರವೇ ಕಂಪನಿಯವರು ಸಮುದಾಯ ಭವನದಲ್ಲಿ ಊರವರ ಅಭಿಪ್ರಾಯ ಕೇಳಲು ಒಂದು ಸಭೆ ಕರೆದರು. ಇದು ಸರ್ಕಾರದ ಸಭೆಯಲ್ಲ, ಅವರದೇ ಪೂರ್ವಭಾವಿ ಸಭೆ. ನಾನು ಎಲ್ಲರಿಗಿಂತ ಮೊದಲು ಎದ್ದೆ. ಹತ್ತು ನಿಮಿಷ ತಡೆಯಿಲ್ಲದೆ ಮಾತಾಡಿದೆ. ಬಾವಿ, ಮರ, ಗೆರೆ, ಸವಳು ಎಲ್ಲವನ್ನೂ ಹೇಳಿದೆ. ನಂತರ ರೊಟ್ಟಿ ಸಂಘದವರು ಒಬ್ಬೊಬ್ಬರೇ ಎದ್ದರು.

"ನರ್ಸ್‌ಬಾಯಾರು ಹೇಳಿದಂಗರಿ."

"ನಂದೂ ಅದೇರಿ, ನರ್ಸ್‌ಬಾಯಾರು ಹೇಳಿದಂಗ."

ಹೀಗೆ ಹದಿನಾಲ್ಕು ಮಂದಿ ಎದ್ದು ಕುಳಿತರು. ನನಗೆ ಹೆಮ್ಮೆಯೋ ಹೆಮ್ಮೆ. ಚಹಾ ಕುಡಿಯುವಾಗ ಕಂಪನಿಯ ಎಂಜಿನಿಯರ್ ನನ್ನ ಎದುರಿಗೆ ಬರೆಯುತ್ತಿದ್ದರು. ಮಂಚದ ಕಾಲ್ದೆಸೆಯಲ್ಲಿ ನಿಂತು ಡಾಕ್ಟರ ಕೈಯಲ್ಲಿನ ಚಾರ್ಟನ್ನು ತಲೆಕೆಳಗಾಗಿ ಓದಿ ರೂಢಿಯಾದ ಕಣ್ಣು ನನ್ನದು. ಅವರ ಹಾಳೆಯಲ್ಲಿ ಇದ್ದದ್ದು ಇಷ್ಟೇ: "ನೀರಿನ ವಿಷಯ: ಒಬ್ಬರು."

"ಒಬ್ಬರು ಹೆಂಗ್ರಿ? ಹದಿನೈದು ಮಂದಿ ಎದ್ದು ನಿಂತೀವಿ!"

ಅವರು ಒಳ್ಳೆಯ ಮನುಷ್ಯ, ಮುಖ ಸಣ್ಣದು ಮಾಡಿಕೊಂಡರು. "ಎದ್ದು ನಿಂತಿರಿ ಖರೇರಿ ಬಾಯಾರ. ಆದ್ರ ಉಳಿದವರು ಏನೂ ಹೇಳ್ಲಿಲ್ಲಲ್ರಿ. ನಾ ಏನಂತ ಬರೀಲಿ?"

ನಮ್ಮ ಕಡೆ ಹಿರಿಯರು ಒಮ್ಮೆ ಹೇಳಿದ ಮೇಲೆ ಅದನ್ನೇ ತಿರುಗಿ ಹೇಳುವುದು ಅಧಿಕಪ್ರಸಂಗ. "ಅವರು ಹೇಳಿದಂಗ" ಎಂದರೆ ಮರ್ಯಾದೆ. ಊರ ಕಟ್ಟೆಯ ಮೇಲೆ ಆ ಮಾತಿಗೆ ತೂಕವಿದೆ, ದಾಖಲೆಯ ಹಾಳೆಯಲ್ಲಿ ಇಲ್ಲ. ಇದು ಬೇರೆ ಯಾರಿಗಲ್ಲದಿದ್ದರೂ ನನಗೆ ತಿಳಿದಿರಬೇಕಿತ್ತು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಪ್ರತಿ ಮಂಚದ ಸುದ್ದಿಯನ್ನು ನೋಡಿದವರೇ ಹೇಳಬೇಕು. "ಆಕೆ ಹೇಳಿದ ಹಾಗೆಯೇ" ಎಂದ ಕಿರಿಯರನ್ನು ನಾನು ವಾಪಸು ಮಂಚದ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ನಾನೇ ಎಲ್ಲರ ಮಂಚದ ಸುದ್ದಿಯನ್ನೂ ಹೇಳಿ ಮುಗಿಸಿದ್ದೆ.

ಊರವರ ಅಹವಾಲು ಕೇಳುವ ಸರ್ಕಾರದ ಸಾರ್ವಜನಿಕ ಆಲಿಕೆಗೆ ಇನ್ನೂ ಹನ್ನೆರಡು ದಿನ ಇತ್ತು. ಅಲ್ಲಿ ದಾಖಲಾದದ್ದೇ ಗಣಿಗೆ ಅನುಮತಿ ಕೊಡುವ ಮೇಲಿನ ಸಮಿತಿಗೆ ಹೋಗುವುದು. ನಾನು ತೀರ್ಮಾನ ಮಾಡಿಬಿಟ್ಟೆ: ಆ ದಿನ ನಾನು ಬಾಯಿ ಬಿಡುವುದಿಲ್ಲ.

ಇದನ್ನು ಹೇಳಿದಾಗ ಪಕ್ಕದ ಮನೆಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀವು ಸುಮ್ನ ಕುಂದರ್ತೀರಿ? ಇದನ್ನ ನಮ್ಮ ಹಂಚು ಸೈತ ನಂಬಂಗಿಲ್ರಿ!"

ಮರುದಿನದಿಂದ ಮಧ್ಯಾಹ್ನ ಮೂರರಿಂದ ಮೂರೂ ಮುಕ್ಕಾಲರವರೆಗೆ ಶೆಡ್ಡಿನಲ್ಲಿ ತಾಲೀಮು ಶುರುವಾಯಿತು. ನಿಯಮ ಸರಳ. ಒಬ್ಬರಿಗೆ ಒಂದೇ ವಿಷಯ, ಅದೂ ತಮ್ಮದೇ. ರೋಗಿಯನ್ನು ಕೇಳುವ ಹಾಗೆ ಮೂರೇ ಪ್ರಶ್ನೆ: ಎಲ್ಲಿ, ಯಾವಾಗಿನಿಂದ, ಏನು ಬೇಕು. "ನರ್ಸ್‌ಬಾಯಾರು ಹೇಳಿದಂಗ" ಎಂದವರು ಬಾವಿಯಿಂದ ಒಂದು ಕೊಡ ಹೆಚ್ಚಿಗೆ ತರಬೇಕು. ಮೊದಲ ದಿನ ಶೆಡ್ಡಿನ ಹಂಡೆ ಹರಿವಿಗಳೆಲ್ಲ ತುಂಬಿ ತುಳುಕಿದವು.

ಸಂಘದಲ್ಲಿ ಎಲ್ಲರಿಗಿಂತ ಹಿರಿಯಳಾದ ಮುಸ್ಲಿಂ ಅಜ್ಜಿಗೆ ನನ್ನ ವಯಸ್ಸೇ. ಊರಿನ ಮದುವೆಗಳಿಗೆ ಚಹಾ ಕಾಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಆಕೆ ಮೂರು ದಿನ ತಲೆ ಅಲ್ಲಾಡಿಸಿದಳು. "ಅಯ್ಯೋ, ಮೈ ಕ್ಯಾ ಬೋಲೂಂ, ನಾ ಏನ್ ಹೇಳ್ಲಿ? ನನಗ ನೀರಿನ ಸುದ್ದಿ ಏನ್ ಗೊತ್ತದ?"

"ಬೋರಿನ ನೀರಾಗ ಚಹಾ ಯಾಕ ಕಾಸಂಗಿಲ್ಲ ನೀ?"

"ಒಡೀತದಲ್ಲ! ಹಾಲು ಹಾಕೂದೊಂದೇ ತಡ, ಒಡದು ಚೂರಚೂರ ಆಗ್ತದ."

"ಅದನ್ನೇ ಹೇಳು."

"ಇದೂ ಒಂದು ಮಾತೇನ್ ಬೇ?" ಎಂದು ಬೆರಗಾಗಿ ಕೇಳಿದಳು. ಅಂದಿನಿಂದ ಆಕೆಯನ್ನು ಸುಮ್ಮನಿರಿಸುವುದೇ ಕಷ್ಟವಾಯಿತು.

ಆಲಿಕೆಯ ದಿನ ಪ್ರೌಢಶಾಲೆಯ ಮೈದಾನದಲ್ಲಿ ಶಾಮಿಯಾನ, ಎರಡು ಕಡೆ ವಿಡಿಯೊ ಕ್ಯಾಮೆರಾ. ಜಿಲ್ಲೆಯಿಂದ ಬಂದ ಹಿರಿಯ ಅಧಿಕಾರಿ ನಡುವೆ ಕುಳಿತಿದ್ದರು. ನಾವು ಅರ್ಧ ಗಂಟೆ ಮೊದಲೇ ಹೋಗಿ ಎರಡನೆಯ ಸಾಲು ಹಿಡಿದೆವು. ಮೊದಲು ಗಂಡಸರು ಮಾತಾಡಿದರು. "ನಮ್ಮ ಮಂದಿಗೆ ಕೆಲಸ ಕೊಡ್ರಿ, ಗಣಿ ಬರ್ಲಿ," ಎಂದು ಒಬ್ಬ ಹಿರಿಯರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಗಣಿ ಬೇಡವೆಂದು ನಾವು ಹೋಗಿರಲಿಲ್ಲ. ಬಾವಿ ಬೇಕೆಂದು ಹೋಗಿದ್ದೆವು.

ನಂತರ ಹೆಂಗಸರ ಸರದಿ. ಪಕ್ಕದ ಮನೆಯಾಕೆ ಮೈಕಿನ ಮುಂದೆ ನಿಂತಳು. ಕ್ಯಾಮೆರಾ ಆಕೆಯ ಕಡೆ ತಿರುಗಿತು.

"ಅದೇನದರಿ... ಅದು..." ತಿರುಗಿ ನನ್ನನ್ನು ನೋಡಿದಳು. "ನರ್ಸ್‌ಬಾಯಾರು ಹೇಳ್ತಾರ್ರಿ."

ಅಧಿಕಾರಿ ನನ್ನತ್ತ ನೋಡಿ, "ಹೇಳಿ ತಾಯಿ," ಎಂದರು. ಯಾರೋ ಇನ್ನೊಂದು ಮೈಕನ್ನು ನನ್ನ ಕೈಗೆ ಕೊಟ್ಟರು.

ಹತ್ತು ನಿಮಿಷದ ಮಾತು ಪೂರ್ತಿಯಾಗಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಬರೆಯುವವರು ಪೆನ್ನು ಎತ್ತಿ ಹಿಡಿದಿದ್ದರು. ನಾನು ಹೇಳಿದರೆ ಬಾವಿ ದಾಖಲಾಗುತ್ತದೆ, ಮತ್ತೆ "ಒಬ್ಬರು" ಎಂದು. ಹೇಳದಿದ್ದರೆ, ಆಕೆಯೂ ಹೇಳದಿದ್ದರೆ, ಅದೂ ಇಲ್ಲ. ಎದೆಯ ಗಡಿಯಾರವನ್ನು ಎತ್ತಿ ನೋಡಿದೆ. ಸೆಕೆಂಡಿನ ಮುಳ್ಳು ಓಡುತ್ತಿತ್ತು.

"ನನಗ ಹೇಳೂದು ಏನೂ ಇಲ್ರಿ," ಎಂದು ಮೈಕನ್ನು ವಾಪಸು ಕೊಟ್ಟೆ.

ಆಗ ಗಂಡಸರ ಸಾಲಿನಿಂದ ಒಬ್ಬಾತ ಮೈಕಿನ ಮುಂದೆ ನಿಂತವಳಿಗೆ ಕೂಗಿದ: "ಏನ್ ಬೇ, ಬಾಯಿಪಾಠ ಮರ್ತಿ ಏನು?"

ಜನ ನಕ್ಕರು. ಪಕ್ಕದ ಮನೆಯಾಕೆಯ ಮುಖ ಕೆಂಪಗಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬಾಯಿಪಾಠ ಅಲ್ಲಲೇ! ದಿನಾ ನಾ ತೆಲಿ ಮ್ಯಾಲ ಹೊತ್ತ ನೀರು ಅದ. ನೀ ಒಂದು ಕೊಡ ಹೊತ್ತೀ ಏನು?" ಎಂದು ಅವನಿಗೆ ಹೇಳಿ, ಮೈಕಿನ ಕಡೆ ತಿರುಗಿದಳು. "ಬೇವಿನ ಗಿಡದ ಬುಡಕ್ಕ ಬಾವಿ ಅದರಿ ಸಾಹೇಬ್ರ. ನಿಮ್ಮ ನಕ್ಷಾದಾಗ ಇಲ್ಲ. ನಾ ಲಗ್ನ ಆಗಿ ಬಂದ ದಿನದಿಂದ ಆ ನೀರು ತರಾಕತ್ತೇನಿ. ಅದು ಹೋದ್ರ ಹದಿನಾಲ್ಕು ಮಂದಿ ಹಂಚು ಇಳಿಸಬೇಕು. ನಿಮ್ಮ ಗೆರಿ ಆಚೀಕಡೆ ಸರಸ್ರಿ. ಕಲ್ಲು ಆ ಕಡೀನೂ ಅದ, ಸಿಹಿನೀರು ಈ ಕಡೀಗಷ್ಟೇ ಅದ."

ಆಮೇಲೆ ಒಬ್ಬರಾದ ಮೇಲೆ ಒಬ್ಬರು ಎದ್ದರು. ಒಬ್ಬಳು ಬೇಳೆಯ ಮಾತು ಹೇಳಿದಳು, ಇನ್ನೊಬ್ಬಳು ಬಾಣಂತಿಗೆ ಕುಡಿಸುವ ನೀರಿನ ಮಾತು, ಮತ್ತೊಬ್ಬಳು ಬೇಸಿಗೆಯಲ್ಲಿ ಬಾವಿಯ ಎಷ್ಟು ಮೆಟ್ಟಿಲು ಕಾಣುತ್ತವೆ ಎಂಬುದನ್ನು. ಚಹಾ ಅಜ್ಜಿ ಅಧಿಕಾರಿಯ ಮುಂದಿನ ಕಪ್ಪಿಗೆ ಬೆರಳು ತೋರಿಸಿದಳು. "ನೀವೀಗ ಕುಡದ್ರಲ್ರಿ, ಆ ಚಾ ನಾನೇ ಕಾಸೀನಿ. ಆ ಬಾವೀದೇ ನೀರು. ಹೆಂಗಿತ್ತು ಹೇಳ್ರಿ?"

"ಚೆನ್ನಾಗಿತ್ತು," ಎಂದರು ಅಧಿಕಾರಿ.

"ಹಂಗಾದ್ರ ಅದನ್ನೂ ಬರ್ಕೋರಿ!"

ಇಡೀ ಶಾಮಿಯಾನ ನಕ್ಕಿತು. ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಹದಿನಾಲ್ಕು.

ಸಭೆಯ ಟಿಪ್ಪಣಿಯನ್ನು ಕೊನೆಯಲ್ಲಿ ಎಲ್ಲರಿಗೂ ಓದಿ ಹೇಳಿಯೇ ಸಹಿ ಮಾಡಬೇಕೆಂಬ ನಿಯಮವಿದೆ. ಬಸ್ಸಿನ ಹೊತ್ತಾಯಿತೆಂದು ಜನ ಏಳತೊಡಗಿದರು, ಆದರೆ ನಮ್ಮ ಸಾಲು ಕದಲಲಿಲ್ಲ. ಅದೂ ತಾಲೀಮಿನ ಭಾಗವಾಗಿತ್ತು. ಓದುವವರು ಓದುತ್ತ ಹೋದರು. ಸಿಹಿಬಾವಿ, ಸಿಹಿಬಾವಿ, ಮತ್ತೆ ಸಿಹಿಬಾವಿ. ಪಕ್ಕದ ಮನೆಯಾಕೆ ನಡುವೆ ಎದ್ದು ನಿಂತಳು. "ನನ್ನ ಮಾತಿನಾಗ ಬೇವಿನ ಗಿಡ ಬಿಟ್ಟೀರಿ. ಗಿಡ ಇಲ್ಲಂದ್ರ ಬಾವಿ ಹೆಂಗ ಹುಡುಕ್ತೀರಿ?" ಗಿಡವನ್ನು ಸೇರಿಸಿದರು. ಆಮೇಲೆ ಸಹಿಯಾಯಿತು.

ಮುಂದಿನ ತಿಂಗಳು ಎಂಜಿನಿಯರ್ ಅಳತೆಯ ಸಾಮಾನು ಹೊತ್ತು ಬಂದರು. ಬೇವಿನ ಕೆಳಗೆ ನಿಂತು ಮೇಲೆ ನೋಡಿದರು, ಬಾವಿಯೊಳಗೆ ಇಣುಕಿದರು. "ಆಕಾಶದ ಫೋಟೋದಾಗ ಬರೇ ಗಿಡ ಕಂಡದರಿ, ಬಾವಿ ಟೊಂಗಿ ಕೆಳಗ ಮುಚ್ಚಿಹೋಗ್ಯದ," ಎಂದರು. ಕಾಗದ ಮೇಲೆ ಹೋಗಿ ಕೆಳಗೆ ಬರಲು ಬಹಳ ಕಾಲ ಹಿಡಿಯಿತು. ಕೊನೆಗೆ ಅನುಮತಿ ಬಂತು, ಷರತ್ತುಗಳ ಸಮೇತ: ಗಣಿಯ ಗೆರೆ ದಿಬ್ಬದ ಆಚೆ ಮಗ್ಗುಲಿಗೆ ಸರಿಯಬೇಕು, ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಕಂಪನಿಯವರೂ ಊರವರೂ ಕೂಡಿ ಅಳೆಯಬೇಕು. ಗುಂಡಿ ಆಳಕ್ಕೆ ಇಳಿದ ಮೇಲೆ ನೀರು ಹೇಗಿರುತ್ತದೋ ಯಾರಿಗೂ ತಿಳಿಯದು. ತಿಳಿಯುವ ದಾರಿಯಂತೂ ಈಗ ನಮ್ಮ ಕೈಯಲ್ಲಿದೆ.

ಮೊದಲ ಅಳತೆ ಸೋಮವಾರ ಬೆಳಿಗ್ಗೆ ಏಳಕ್ಕೆ ಎಂದು ನಾನೇ ಗೊತ್ತು ಮಾಡಿದ್ದೆ. ಪಕ್ಕದ ಮನೆಯಾಕೆ ಬಂದದ್ದು ನಾಲ್ಕು ನಿಮಿಷ ತಡವಾಗಿ, ಮೊಣಕೈವರೆಗೆ ಜೋಳದ ಹಿಟ್ಟು. ಎಂಜಿನಿಯರ್ ಅಳತೆಪಟ್ಟಿಯನ್ನು ಬಾವಿಗೆ ಇಳಿಸಿ, ಎಳೆದು, ಒದ್ದೆಯಾದ ಗುರುತಿನ ಮೇಲೆ ಹೆಬ್ಬೆರಳಿಟ್ಟು ಊರವರ ಪರವಾಗಿ ಯಾರು ಓದುತ್ತೀರಿ ಎಂದು ಕೇಳಿದರು.

"ನರ್ಸ್‌ಬಾಯಾರು ಹೇಳಿದಂಗ ಬರ್ಕೋರಿ," ಎಂದಳು ಆಕೆ.

ನಾನು ತಿರುಗಿ ನೋಡಿದೆ. ಆಕೆ ಕಿಸಕ್ಕನೆ ನಕ್ಕು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪಟ್ಟಿಯ ಮೇಲೆ ಬಗ್ಗಿ ಅಂಕಿಯನ್ನು ತಾನೇ ಗಟ್ಟಿಯಾಗಿ ಓದಿದಳು.